ಚಾಪೆಯ ಮೇಲೆ ಬಿಟ್ಟ ಜಾಗ

ಮಗುವಿಗೆ ಓದಿ ಹೇಳುವ ಪುಸ್ತಕವನ್ನು ಕಣ್ಣಿನಿಂದ ಆರಿಸಿದರೆ ಸಾಲದು, ಬಾಯಿಯಿಂದ ಆರಿಸಬೇಕು. ಇದನ್ನು ನನಗೆ ಯಾರೂ ಹೇಳಿಕೊಟ್ಟಿಲ್ಲ. ನಾನು ಕುಂದಾಪುರದ ಒಂದು ಪುಸ್ತಕದಂಗಡಿಯಲ್ಲಿ ಕೆಲಸಕ್ಕಿದ್ದೇನೆ. ಅಲ್ಲಿ ಹೆಚ್ಚು ಹೋಗುವುದು ಶಾಲೆಯ ನೋಟ್‌ಬುಕ್ಕು, ಗೈಡು, ಡ್ರಾಯಿಂಗ್ ಹಾಳೆ. ಮಕ್ಕಳ ಕತೆಪುಸ್ತಕಗಳು ಬಾಗಿಲ ಪಕ್ಕದ ತಿರುಗುವ ತಂತಿಯ ಸ್ಟ್ಯಾಂಡಿನಲ್ಲಿ ಧೂಳು ಹಿಡಿಯುತ್ತಿರುತ್ತವೆ. ಊಟದ ನಂತರ ಗಿರಾಕಿಗಳಿಲ್ಲದ ಹೊತ್ತಿನಲ್ಲಿ ನಾನು ಒಂದೊಂದನ್ನೇ ತೆಗೆದು, ನಿಂತಲ್ಲೇ, ದನಿ ತೆಗೆದು ಓದಿ ನೋಡುತ್ತಿದ್ದೆ. ಉಸಿರು ಸಾಲದ ವಾಕ್ಯವಿದ್ದರೆ ಆ ಪುಸ್ತಕ ವಾಪಸ್ ತಂತಿಗೆ ಹೋಗುತ್ತಿತ್ತು. ಕೊನೆಯಲ್ಲಿ ನೀತಿ ಹೇಳುವ ಪುಸ್ತಕವೂ ಹಾಗೆಯೇ. ನೀತಿ ಬರುವ ಪುಟಕ್ಕೆ ಮಕ್ಕಳು ಎದ್ದು ಓಡುತ್ತವೆ.

"ಹ್ವಾಯ್, ಇದ್ ಅಂಗ್ಡಿಯಾ, ಶಾಲಿಯಾ? ಗಿರಾಕಿಗಳ್ ಹೆದ್ರಿ ಓಡ್ತ್ರ್ ಕಾಣಿ," ಎಂದು ಅಂಗಡಿಯ ಯಜಮಾನರು ಕ್ಯಾಶ್ ಮೇಜಿನಿಂದ ಕೂಗುತ್ತಿದ್ದರು. ಓದುವುದನ್ನು ನಿಲ್ಲಿಸಿದರೆ, "ಮತ್ ಎಂತ ಆಯ್ತ್ ಆ ಆಡಿಂದ್?" ಎಂದು ಅವರೇ ಕೇಳುತ್ತಿದ್ದರು.

ನಾನು ಪುಸ್ತಕ ಆರಿಸುತ್ತಿದ್ದದ್ದು ತಂಗಿಯ ಮಗಳಿಗೆ. ತಂಗಿಯನ್ನು ಕೊಟ್ಟದ್ದು ಗಂಗೊಳ್ಳಿಗೆ, ಮೀನುಗಾರರ ಮನೆಗೆ. ನನ್ನ ಭಾವ, ಅಂದರೆ ಅವಳ ಗಂಡ, ದೊಡ್ಡ ಬೋಟಿನಲ್ಲಿ ಆಳಸಮುದ್ರಕ್ಕೆ ಹೋಗುವವರು. ಅವರ ಅಣ್ಣನೂ ಅದೇ ಬೋಟಿನಲ್ಲಿದ್ದರು. ಮನೆಯಲ್ಲಿ ಇವರಿಬ್ಬರ ತಾಯಿ ಇದ್ದರು. ಬಹಳ ವರ್ಷ ಬುಟ್ಟಿ ಹೊತ್ತು ಮನೆಮನೆಗೆ ಮೀನು ಮಾರಿದವರು, ಈಗ ಮಂಡಿನೋವಿನಿಂದ ಜಗಲಿಯಲ್ಲಿ ಕೂತಿರುತ್ತಿದ್ದರು. ನಾನು ಅವರನ್ನು ಅತ್ತೆ ಎಂದೇ ಕರೆಯುತ್ತಿದ್ದೆ. ಮಗು ಇನ್ನೂ ಅಂಗನವಾಡಿಗೆ ಹೋಗುವ ಪ್ರಾಯದ್ದು.

ಕುಂದಾಪುರದಲ್ಲಿ ಹೊಳೆಯ ದಡಕ್ಕೆ ಹೋಗಿ ನಿಂತರೆ ಗಂಗೊಳ್ಳಿ ಎದುರಿಗೇ ಕಾಣುತ್ತದೆ. ಬಂದರಿನ ಬೋಟುಗಳ ಬಣ್ಣವೂ ಗೊತ್ತಾಗುತ್ತದೆ. ಬಸ್ಸಿನಲ್ಲಿ ಹೋಗುವುದಾದರೆ ಮಾತ್ರ ಸೇತುವೆಗಳನ್ನು ದಾಟಿ, ತ್ರಾಸಿಯವರೆಗೆ ಹೋಗಿ, ತಿರುಗಿ ಬರಬೇಕು. ಅಂಗಡಿಗೆ ರಜೆಯಿರುವ ಭಾನುವಾರ ನಾನು ಬ್ರಹ್ಮಾವರದ ನನ್ನ ಮನೆಯಿಂದ ಹೊರಟು, ಊಟದ ಹೊತ್ತಿಗೆ ಅಲ್ಲಿ ತಲುಪಿ, ಸಂಜೆಯ ಬಸ್ಸಿಗೆ ಹಿಂದಿರುಗುತ್ತಿದ್ದೆ. ಹಾಗಾಗಿ ನಾನು ಓದುತ್ತಿದ್ದದ್ದು ಯಾವಾಗಲೂ ಹಗಲು, ಊಟವಾದ ಮೇಲೆ, ಜಗಲಿಯಲ್ಲಿ.

ಮಗುವಿನಿಂದ ನಾನು ಕಲಿತದ್ದು ಹೆಚ್ಚು. ಪುಸ್ತಕದಲ್ಲಿ ಇದ್ದದ್ದನ್ನೇ ಓದಬೇಕು. ಒಂದು ಮಾತು ಬಿಟ್ಟರೂ ಹಿಡಿಯುತ್ತಿದ್ದಳು. ಬರಹದಲ್ಲಿ ಕೊಡೆ ಕೆಂಪು ಎಂದಿದ್ದು ಚಿತ್ರದಲ್ಲಿ ನೀಲಿ ಇದ್ದರೆ ಆ ಪುಸ್ತಕ ಅಲ್ಲಿಗೇ ಮುಗಿಯಿತು. ದೂರದೇಶದ ಕತೆಯೊಂದನ್ನು ಒಯ್ದಿದ್ದೆ. ಅದರಲ್ಲಿ ಕರಡಿಯೊಂದು ಹಿಮದ ಮೇಲೆ ನಡೆಯುತ್ತದೆ. ಹಿಮವೆಂದರೆ ಏನೆಂದು ನನಗೂ ಸರಿಯಾಗಿ ಹೇಳಲು ಬರಲಿಲ್ಲ. ಅವಳೇ ಕೇಳಿದಳು: "ಐಸ್ ಪ್ಲಾಂಟಿನ ಐಸಾ?" ಮೀನಿಗೆ ಹಾಕುವ ಐಸಿನ ಹಾಗೆಯೇ, ಹೌದು ಅಂದೆ. ಪುಟವನ್ನು ಮೂಗಿನ ಹತ್ತಿರ ಹಿಡಿದು ನೋಡಿದಳು. "ಹಂಗಾರೆ ಮೀನ್ ಎಲ್ಲಿತ್ತ್?"

ಅವಳಿಗೆ ಅಕ್ಷರ ಬರುತ್ತಿರಲಿಲ್ಲ. ಚಿತ್ರ ಓದುವುದನ್ನು ನಾನು ಕಲಿಸಿದ್ದೆ. ಪ್ರತಿ ಪುಟಕ್ಕೂ ನಾನು ಅವೇ ಪ್ರಶ್ನೆ ಕೇಳುತ್ತಿದ್ದೆ. ಯಾರಿದ್ದಾರೆ, ಎಂತ ಮಾಡುತ್ತಿದ್ದಾರೆ, ಮುಂದೆ ಎಂತ ಆಗುತ್ತದೆ. ಅವಳು ಬೆರಳಿಟ್ಟು ಹೇಳುತ್ತಿದ್ದಳು. ಹೆಚ್ಚಾಗಿ ಸರಿಯಾಗಿಯೇ ಹೇಳುತ್ತಿದ್ದಳು.

ಭಾವ ಮನೆಯಲ್ಲಿದ್ದ ಭಾನುವಾರಗಳು ಕಡಿಮೆ. ಇದ್ದಾಗ ಅವರೂ ಬಂದು ಕೂರುತ್ತಿದ್ದರು, ಬರಿ ಮೈ, ಹೆಗಲ ಮೇಲೆ ಬೈರಾಸು. ಒಮ್ಮೆ ಸಮುದ್ರದ ಪುಸ್ತಕವೊಂದನ್ನು ಒಯ್ದಾಗ ಅದನ್ನು ನನ್ನ ಕೈಯಿಂದ ತೆಗೆದುಕೊಂಡು ಬಹಳ ಹೊತ್ತು ನೋಡಿದರು. ಚಿತ್ರದಲ್ಲಿ ಹಳದಿ ದೋಣಿ, ಅದರಲ್ಲಿ ನಗುತ್ತಿರುವ ಒಬ್ಬ ಮನುಷ್ಯ. ಬಲೆ ಮಾತ್ರ ಇರಲಿಲ್ಲ.

"ಈ ಬೋಟಗೆ ಬಲಿ ಎಲ್ಲಿತ್ತ್? ಇಂವ ಬರೀ ಗಾಳಿ ಹಿಡುಕೆ ಹೋಪ್ದಾ?"

ಮಗು ಹೊಟ್ಟೆ ಹಿಡಿದುಕೊಂಡು ನಕ್ಕಳು. ಆ ಮೇಲೆ ಎಷ್ಟೋ ದಿನ ದೋಣಿಯ ಚಿತ್ರ ಕಂಡಲ್ಲೆಲ್ಲ, "ಗಾಳಿ ಹಿಡುಕೆ ಹೋಪ್ದಾ?" ಎನ್ನುತ್ತಿದ್ದಳು.

ಅವಳಿಗೆ ಎಲ್ಲಕ್ಕಿಂತ ಹಿಡಿಸಿದ್ದು ಚಾಪೆಯ ಪುಸ್ತಕ. ಕತೆ ಇಷ್ಟೆ. ಒಬ್ಬಳು ಮುದುಕಿ ಚಾಪೆ ನೇಯಲು ಕೂರುತ್ತಾಳೆ. ನಿಲ್ಲಿಸುವುದನ್ನು ಮರೆಯುತ್ತಾಳೆ. ಚಾಪೆ ಕೋಣೆ ತುಂಬಿ, ಬಾಗಿಲು ದಾಟಿ, ಅಂಗಳಕ್ಕಿಳಿದು, ಗದ್ದೆಯ ಬದುವಿನ ಮೇಲೆ ಹರಿಯುತ್ತದೆ. ಪುಟಕ್ಕೊಬ್ಬರು ಬಂದು ಕೂರುತ್ತಾರೆ: ಕೋಳಿ, ಪೋಸ್ಟಿನವ, ಮದುಮಗಳು, ಹಾಲು ಕೊಡದ ಎಮ್ಮೆ. ಕೊನೆಯ ಪುಟ ಎರಡು ಮಡಿಕೆಯಾಗಿ ಬಿಚ್ಚಿಕೊಳ್ಳುತ್ತದೆ. ಅದರಲ್ಲಿ ಇಡೀ ಊರೇ ಚಾಪೆಯ ಮೇಲಿರುತ್ತದೆ. ಬೆಕ್ಕು ಮಾತ್ರ ಹಂಚಿನ ಮೇಲೆ ಕೂತು ಕೆಳಗೆ ನೋಡುತ್ತಿರುತ್ತದೆ. ಚಿತ್ರ ಬರೆದವರು ಯಾಕೋ, ಕೋಳಿಯ ಪಕ್ಕದಲ್ಲಿ ಚಾಪೆಯ ಸ್ವಲ್ಪ ಜಾಗವನ್ನು ಖಾಲಿ ಬಿಟ್ಟಿದ್ದರು.

ಮೊದಲ ಸಲ ಓದಿದಾಗಲೇ ಅವಳು ಅಲ್ಲಿ ಬೆರಳಿಟ್ಟಳು. "ಇದ್ ಅಪ್ಪಂಗೆ. ಯಾರೂ ಕೂಕಂಬುಕಾಗ."

ಅಂದಿನಿಂದ ಅದು ಪದ್ಧತಿಯಾಯಿತು. ಪುಸ್ತಕ ಮುಗಿಯುವುದೆಂದರೆ ಆ ಜಾಗದ ಮೇಲೆ ಅವಳು ಬೆರಳಿಡುವುದು. ಭಾವ ಮನೆಯಲ್ಲಿದ್ದರೆ ಅವರ ಬೆರಳನ್ನೇ ಎಳೆದು ಇಡಿಸುತ್ತಿದ್ದಳು. ಹಗ್ಗ ಎಳೆದು ದಪ್ಪಗಾದ ಆ ಬೆರಳು ಇಟ್ಟರೆ ಕೋಳಿಯೂ ಕಾಣುತ್ತಿರಲಿಲ್ಲ, ಮದುಮಗಳ ಅರ್ಧವೂ ಕಾಣುತ್ತಿರಲಿಲ್ಲ.

"ನಾ ಕೂಕಂಡ್ರೆ ಕೋಳಿ ಸತ್ತೇ ಹೋತ್ತ್ ಮಗಾ," ಎನ್ನುತ್ತಿದ್ದರು.

ಅತ್ತೆಗೆ ಈ ಓದು ಸರಿಬರುತ್ತಿರಲಿಲ್ಲ. ಪುಸ್ತಕ ಅವರಿಗೆ ಬೇಡವಾಗಿರಲಿಲ್ಲ, ಚಿತ್ರಗಳನ್ನು ಅವರೂ ಬಗ್ಗಿ ನೋಡುತ್ತಿದ್ದರು. ಬೇಡವಾಗಿದ್ದದ್ದು ಹಗಲು.

"ಹಗ್ಲ್ ಕತಿ ಹೇಳುಕಾಗ ಹೆಣೆ. ಸಮುದ್ರಕ್ ಹೋದರಿಗೆ ದಾರಿ ತಪ್ಪತ್ತ್."

ಇದು ಅವರ ತಾಯಿಯ ಮನೆಯಿಂದ ಬಂದ ಮಾತು. ಮನೆಯ ಗಂಡಸರು ನೀರಿನ ಮೇಲಿರುವಾಗ ಹಗಲು ಕತೆ ಹೇಳಬಾರದು. ದೀಪ ಹಚ್ಚಿದ ಮೇಲೆ ಹೇಳಬಹುದು. ಹಗಲು ಮೀನು ಒಣಗಿಸುವ, ಬಲೆ ನೋಡುವ ಕೆಲಸ ಬಿಟ್ಟು ಹೆಂಗಸರು, ಮಕ್ಕಳು ಕತೆಗೆ ಕೂರದಿರಲಿ ಎಂದು ಯಾರೋ ಹಿರಿಯರು ಹುಟ್ಟಿಸಿದ್ದಿರಬೇಕು ಎಂದು ನಾನು ಎಣಿಸಿದ್ದೆ. ಈಗಲೂ ಹಾಗೆಯೇ ಎಣಿಸುತ್ತೇನೆ.

"ಈಗಳ್ ಬೋಟಿಗೆ ಜಿಪಿಎಸ್ ಇತ್ತಲೆ ಅತ್ತೆ," ಎಂದಿದ್ದೆ ಒಮ್ಮೆ.

"ಕೆಮಿ ಇಲ್ದೆ ಇದ್ದದ್ದಕ್ಕೆ ಎಂತ ಗೊತ್ತಾತ್ತ್?" ಎಂದು ತಮ್ಮ ಕಿವಿ ಮುಟ್ಟಿ ತೋರಿಸಿದರು ಅವರು. ಎಲೆ ಅಡಿಕೆ ಬಾಯಿಗಿಟ್ಟು ಆಚೆ ತಿರುಗಿದರು. ತಂಗಿ ಒಳಗಿನಿಂದ ನಕ್ಕಳು. ಮಗು ನಮ್ಮಿಬ್ಬರ ನಡುವೆ, ಮುದುಕಿಯ ಚಾಪೆ ಬಾಗಿಲು ದಾಟುವ ಪುಟದ ಮೇಲೆ ಕೈಯಿಟ್ಟುಕೊಂಡು, ಒಮ್ಮೆ ಅವರ ಮುಖ ಒಮ್ಮೆ ನನ್ನ ಮುಖ ನೋಡುತ್ತಿದ್ದಳು.

ಆ ಭಾನುವಾರವೂ ಓದುತ್ತಿದ್ದದ್ದು ಅದನ್ನೇ. ಚಳಿ ಹಿಂದೆ ಸರಿದಿತ್ತು. ಜಗಲಿಯ ಸಿಮೆಂಟು ಕಾದು, ಕೆಳಗೆ ಗೋಣಿ ಹಾಸಿಕೊಂಡಿದ್ದೆವು. ಎಮ್ಮೆ ಬಂದು ಕೂತಾಗಿತ್ತು, ಮಡಿಕೆಯ ಪುಟ ಇನ್ನೂ ಬಿಚ್ಚಿರಲಿಲ್ಲ. ಭಾವನ ಅಣ್ಣ ಅಂಗಳಕ್ಕೆ ಬಂದರು. ಬೋಟು ಬರುವ ದಿನ ಅದಲ್ಲ. ಕಾಲಲ್ಲಿ ಚಪ್ಪಲಿ ಇರಲಿಲ್ಲ, ಕೈಯಲ್ಲಿ ಮೀನಿನ ಚೀಲ ಇರಲಿಲ್ಲ. ಅವರು ಜಗಲಿ ಹತ್ತದೆ, ತುಳಸಿಕಟ್ಟೆಯ ಹತ್ತಿರ ನಿಂತರು. ಅತ್ತೆ, "ತಮ್ಮ ಎಲ್ಲಿ?" ಎಂದು ಕೇಳಿದರು.

"ಬಲಿ ಎಳು ಹೊತ್ತಿಗೆ ಬಿದ್ದದ್ದ್ ಅಬ್ಬಿ. ಬೀಳುದ್ ಯಾರೂ ಕಾಣಲಿಲ್ಲ. ಹುಡ್ಕಿ ಹುಡ್ಕಿ ಬಂದದ್ದ್ ನಾವ್."

ತಂಗಿ ಅಡಿಗೆಮನೆಯ ಬಾಗಿಲಲ್ಲಿದ್ದಳು. ಅವಳು ಕೂಗಲಿಲ್ಲ. ಬಾಗಿಲ ದಾರಂದವನ್ನು ಹಿಡಿದು ನಿಧಾನವಾಗಿ ಕೆಳಗೆ ಕೂತಳು. ಕೂಗಿದ್ದು ಅತ್ತೆ. ಆ ಕೂಗಿಗೆ ನೆರೆಮನೆಗಳಿಂದ ಜನ ಬರಲು ತೊಡಗಿದರು. ಮಗು ಪುಸ್ತಕವನ್ನು ಎದೆಗೆ ಒತ್ತಿಕೊಂಡು ದೊಡ್ಡಪ್ಪನ ಹತ್ತಿರ ಹೋಗಿ ಪಂಚೆ ಹಿಡಿದೆಳೆದಳು. "ಅಪ್ಪ ಎಲ್ಲಿ?"

ಅವರು ಬಗ್ಗಿ ಅವಳನ್ನು ಎತ್ತಿಕೊಂಡರು. ಆ ಮನುಷ್ಯ ರಾತ್ರಿಯೆಲ್ಲ ನೀರಿಗೆ ಟಾರ್ಚು ಹಿಡಿದು ತಮ್ಮನ ಹೆಸರು ಕೂಗಿದವರು. ಗಂಟಲಲ್ಲಿ ದನಿಯೇ ಉಳಿದಿರಲಿಲ್ಲ.

"ಅಪ್ಪಂಗೆ ದಾರಿ ತಪ್ಪಿತ್ ಮಗಾ. ಬೇರೆ ಬಂದರಿಗೆ ಹೋಯಿರ್. ಬತ್ರ್."

ಮಗುವಿಗೆ ಹೇಳಲು ಆ ಹೊತ್ತಿನಲ್ಲಿ ಬೇರೆ ಯಾವ ಮಾತು ಸಿಗುತ್ತಿತ್ತೋ ನನಗೆ ತಿಳಿಯದು. ಅವರು ಹೇಳಿದ್ದು ಇದು. ನಾನು ಹತ್ತಿರದಲ್ಲೇ ಇದ್ದೆ, ಕೇಳಿಸಿಕೊಂಡೆ. ಅವಳು ತಿರುಗಿ ನನ್ನ ಕಡೆ ನೋಡಿದ್ದನ್ನೂ, ಆಮೇಲೆ ಆಕಾಶದ ಕಡೆ ನೋಡಿದ್ದನ್ನೂ ಕಂಡೆ. ಬಿಸಿಲು ಇನ್ನೂ ಬಲವಾಗಿತ್ತು.

ಅದರ ನಂತರದ ವಾರಗಳಲ್ಲಿ ಬೋಟುಗಳು ಹುಡುಕಿದವು. ಬೈಂದೂರಿನ ಕಡೆ ಸಮುದ್ರದ ದಡದಲ್ಲಿ ಒಂದು ಹೆಣ ಸಿಕ್ಕಿದೆ, ಗುರುತು ಹಿಡಿಯಲು ಬನ್ನಿ ಎಂದು ಒಂದು ಫೋನು ಬಂತು. ತಂಗಿ ಏಳುವ ಸ್ಥಿತಿಯಲ್ಲಿರಲಿಲ್ಲ. ಭಾವನ ಅಣ್ಣನ ಜೊತೆ ನಾನು ಹೋದೆ. ಮರವಂತೆಯಲ್ಲಿ ರಸ್ತೆಯ ಒಂದು ಬದಿ ಸಮುದ್ರ, ಇನ್ನೊಂದು ಬದಿ ಹೊಳೆ. ಅವರು ಹೊಳೆಯ ಬದಿಯ ಕಿಟಕಿಗೆ ಮುಖ ಮಾಡಿ ಕೂತರು. ಹುಟ್ಟಿದಂದಿನಿಂದ ಸಮುದ್ರದ ಮುಖ ನೋಡಿ ಗಾಳಿ ಮಳೆ ಹೇಳುವವರು, ಆ ದಾರಿಯುದ್ದಕ್ಕೂ ಅತ್ತ ತಿರುಗಲಿಲ್ಲ.

ಆಸ್ಪತ್ರೆಯ ಹಿಂದಿನ ಕೋಣೆಯಲ್ಲಿ ಬಟ್ಟೆಯನ್ನು ಕಾಲಿನ ಕಡೆಯಿಂದ ಸರಿಸಿದರು. ಭಾವನ ಎಡಗಾಲಿನ ಹಿಮ್ಮಡಿಯ ಮೇಲೆ ಹಗ್ಗ ಕೊಯ್ದ ಹಳೆಯ ಗೆರೆಯಿತ್ತು. ಈ ಕಾಲಿನಲ್ಲಿ ಇರಲಿಲ್ಲ. ಅಣ್ಣ ಬಹಳ ಹೊತ್ತು ಬಗ್ಗಿ ನೋಡಿ, "ಅಲ್ಲ," ಎಂದರು. ಹೊರಗೆ ಬಂದು ನಲ್ಲಿ ಬಿಟ್ಟು ತಲೆಯನ್ನು ಅದರ ಕೆಳಗೆ ಹಿಡಿದರು. ನನಗೆ ಬಿಡುಗಡೆಯಾದ ಹಾಗೆ ಆಯಿತು. ಒಳಗಿರುವವನೂ ಯಾರದೋ ಮನೆಯವನು ಎಂಬುದು ಅದರ ನಂತರವೇ ನೆನಪಾಯಿತು.

ಮನೆಗೆ ಬಂದು ತಂಗಿಗೆ ಹೇಳಿದೆವು. ಅವಳು ಗೋಡೆಗೆ ಒರಗಿ ಕೂತಿದ್ದಳು.

"ಅವ್ರೇ ಆಯಿದ್ರೂ ಆತಿತ್ತ್ ಅಕ್ಕಾ," ಎಂದಳು.

ನನಗೆ ಆಗ ತೋಚಿದ್ದು ಪುಸ್ತಕವೊಂದೇ. ಬೇರೆ ಯಾವುದಕ್ಕೂ ನನ್ನ ಕೈ ಸಾಲುತ್ತಿರಲಿಲ್ಲ. ಮಗುವಿಗೆ ಏನಾದರೂ ಓದಿ ಹೇಳಬೇಕು, ಅಷ್ಟು ಹೊತ್ತಾದರೂ ಅವಳು ಬಾಗಿಲು ನೋಡುವುದನ್ನು ಬಿಡುತ್ತಾಳೆ ಎಂದುಕೊಂಡೆ. ಅಂಗಡಿಯ ಸ್ಟ್ಯಾಂಡನ್ನು ಹಿಂದೆ ಎಂದೂ ತಿರುಗಿಸದ ಹಾಗೆ ತಿರುಗಿಸಿದೆ. ನೀರು ಇರುವ ಪುಸ್ತಕ ಬೇಡ. ಕಳೆದುಹೋದ ಮರಿ, ಹುಡುಕುವ ತಾಯಿ ಬೇಡ. ಯಾರೂ ಸಾಯಬಾರದು. ಇಷ್ಟನ್ನು ತೆಗೆದಿಟ್ಟ ಮೇಲೂ ಕೆಲವು ಉಳಿದವು. ಅವುಗಳನ್ನು ದನಿ ತೆಗೆದು ಓದಿದಾಗ ಬೇರೆಯೇ ಒಂದು ಸಂಗತಿ ಕಂಡಿತು. ಮಕ್ಕಳ ಪುಸ್ತಕಗಳಲ್ಲಿ ಕೊನೆಯ ಪುಟಕ್ಕೆ ಎಲ್ಲರೂ ಮನೆಗೆ ಬರುತ್ತಾರೆ. ಸಂತೆಗೆ ಹೋದವನು ಬರುತ್ತಾನೆ. ಮೋಡದ ಮೇಲೆ ಹೋದ ಇಲಿ ಬರುತ್ತದೆ. ಬಸ್ಸು ಕೂಡ, ಊರೆಲ್ಲ ಸುತ್ತಿ, ತನ್ನ ಶೆಡ್ಡಿಗೆ ಬಂದು ಕಣ್ಣು ಮುಚ್ಚುತ್ತದೆ. ಇಷ್ಟು ವರ್ಷ ಆ ಪುಟಗಳನ್ನು ನಾನು ಎಷ್ಟು ಸಲೀಸಾಗಿ ಓದಿದ್ದೆ.

ಯಜಮಾನರು ನೋಡುತ್ತಿದ್ದರು. ಆ ದಿನಗಳಲ್ಲಿ ಅವರು ತಮಾಷೆ ಮಾಡಲಿಲ್ಲ. "ತಕಂಡ್ ಹೋಯ್ನಿ, ಯಾವ್ದ್ ಬೇಕೋ ಅದ್," ಎಂದರು.

ಕೊನೆಗೆ ಒಂದು ಬದನೆಕಾಯಿಯ ಪುಸ್ತಕ ಆರಿಸಿದೆ. ಬದನೆಕಾಯಿ ತನ್ನ ಟೊಪ್ಪಿಯನ್ನು ಬೇರೆ ತರಕಾರಿಗಳಿಗೆ ಹಾಕಿ ನೋಡುತ್ತದೆ, ಯಾರಿಗೂ ಹಿಡಿಸುವುದಿಲ್ಲ. ಯಾರೂ ಎಲ್ಲಿಗೂ ಹೋಗುವುದಿಲ್ಲ, ಎಲ್ಲಿಂದಲೂ ಬರುವುದಿಲ್ಲ. ಭಾನುವಾರ ಊಟವಾದ ಮೇಲೆ ಜಗಲಿಯಲ್ಲಿ ಗೋಣಿ ಹಾಸಿ ಅದನ್ನು ಬಿಚ್ಚಿದೆ. ಮಗು ಬಂದು ಹತ್ತಿರ ಕೂತಳು. ನಾನು ಮೊದಲ ವಾಕ್ಯ ತೆಗೆಯುವಷ್ಟರಲ್ಲಿ ಪುಸ್ತಕದ ಮೇಲೆ ಎರಡೂ ಅಂಗೈ ಒತ್ತಿ ಅದನ್ನು ಮುಚ್ಚಿದಳು.

"ಹಗ್ಲ್ ಬ್ಯಾಡ ದೊಡ್ಡಮ್ಮ."

"ಎಂತಕ್ಕೆ ಮಗಾ?"

ಒಳಗೆ ಯಾರಾದರೂ ಕೇಳಿಸಿಕೊಳ್ಳುತ್ತಾರೋ ಎಂದು ತಿರುಗಿ ನೋಡಿ, ನನ್ನ ಕಿವಿಯ ಹತ್ತಿರ ಬಂದು ಹೇಳಿದಳು. "ಅಪ್ಪ ಬತ್ತಾ ಇದ್ರ್. ಮತ್ ದಾರಿ ತಪ್ಪತ್ತ್."

ನಾನು ಪುಸ್ತಕವನ್ನು ಚೀಲದೊಳಗೆ ಇಟ್ಟೆ.

ಆ ನಂತರದ ಭಾನುವಾರಗಳಲ್ಲಿ ನಾನು ಪುಸ್ತಕ ಒಯ್ಯುವುದನ್ನು ಬಿಡಲಿಲ್ಲ. ಅವಳು ಮುಚ್ಚುವುದನ್ನೂ ಬಿಡಲಿಲ್ಲ. ತಂಗಿಗೆ ಹೇಳಿದೆ. ದೀಪ ಹಚ್ಚಿದ ಮೇಲೆ ಅವಳು ಓದಬಹುದಿತ್ತು, ಆದರೆ ತಂಗಿಗೆ ದೀಪ ಹಚ್ಚಿದ ಮೇಲೆ ಮಾತೇ ಹೊರಡುತ್ತಿರಲಿಲ್ಲ. ಅತ್ತೆಗೆ ಗೊತ್ತಾಯಿತು. ಅವರು ಒಂದಿಡೀ ಮಧ್ಯಾಹ್ನ ಎಲೆ ಅಡಿಕೆ ಮುಟ್ಟದೆ ಕೂತಿದ್ದರು. ಆಮೇಲೆ ಮಗುವನ್ನು ಕರೆದು, ಆ ನೋಯುವ ಮಂಡಿಯ ಮೇಲೆಯೇ ಕೂರಿಸಿಕೊಂಡರು.

"ಮಗಾ, ಹಗ್ಲ್ ಕತಿ ಹೇಳ್ರೆ ದಾರಿ ತಪ್ಪತ್ತ್ ಅಂಬ್ದ್ ಸುಳ್ಳ್ ಮಾತ್. ಅಜ್ಜಿ ಸುಮ್ನೆ ಹೇಳದ್ದ್. ನೀ ಕತಿ ಕೇಣ್."

ಮಗು ಅಜ್ಜಿಯ ಮುಖವನ್ನು ನೋಡಿ ಕೇಳಿದಳು: "ಹಂಗಾರೆ ಅಪ್ಪ ದಾರಿ ತಪ್ಪದ್ದ್ ಎಂತಕ್ಕೆ?"

ಅತ್ತೆ ನನ್ನನ್ನು ನೋಡಿದರು. ನಾನು ತಂಗಿಯನ್ನು ನೋಡಿದೆ. ತಂಗಿ ಬಟ್ಟೆ ಮಡಚುತ್ತಿದ್ದಳು, ಮಡಚಿದ್ದನ್ನು ಬಿಚ್ಚಿ ಮತ್ತೆ ಮಡಚಿದಳು. ಅಪ್ಪನಿಗೆ ದಾರಿ ತಪ್ಪಿಲ್ಲ ಎಂದು ಹೇಳಿದರೆ ಮುಂದಿನ ಮಾತನ್ನೂ ಹೇಳಬೇಕಾಗುತ್ತಿತ್ತು. ಆ ಮಾತು ಆ ಮನೆಯಲ್ಲಿ ಯಾರ ಬಾಯಲ್ಲೂ ಇನ್ನೂ ಬಂದಿರಲಿಲ್ಲ. ಹೆಣ ಸಿಕ್ಕಿರಲಿಲ್ಲ, ತಂಗಿಯ ಕರಿಮಣಿ ಕೊರಳಲ್ಲೇ ಇತ್ತು, ಭಾವನ ಬೈರಾಸು ಹಗ್ಗದ ಮೇಲಿತ್ತು. ಮಗು ಕತೆ ಕೇಳದೆ ಕೂತಿರುವುದೂ ಆ ಕಾಯುವಿಕೆಯ ಒಂದು ಭಾಗ ಎಂದು ನನಗೆ ಅರ್ಥವಾದದ್ದು ಆಗ. ಅವಳು ಒಪ್ಪಿ ಕತೆ ಕೇಳಿದ ದಿನ ಅವಳ ಕಾಯುವಿಕೆ ಮುಗಿದಂತೆ. ಅಂದಿನಿಂದ ನಾನು ಪುಸ್ತಕ ಒಯ್ದರೂ ಚೀಲದಿಂದ ತೆಗೆಯಲು ಹೆದರುತ್ತಿದ್ದೆ.

ಹೆಣ ಸಿಗದವರಿಗೆ ದರ್ಭೆಯಿಂದ ಆಕಾರ ಮಾಡಿ ಸುಟ್ಟು ಕ್ರಿಯೆ ಮುಗಿಸುವ ಕ್ರಮವಿದೆ. ಕುಟುಂಬದ ಹಿರಿಯರು ಬಂದು, ಮಳೆಗಾಲಕ್ಕೆ ಮೊದಲು ಮಾಡಬೇಕು, ಹೀಗೆ ಬಿಟ್ಟರೆ ಹೋದವನಿಗೂ ನೆಲೆಯಿಲ್ಲ, ಇದ್ದವರಿಗೂ ಇಲ್ಲ ಎಂದರು. ಅತ್ತೆ ಮೊದಲು ಅವರನ್ನು ಬೈದು ಕಳಿಸಿದರು. ಎರಡನೆಯ ಸಲ ಬಂದಾಗ ಸುಮ್ಮನಿದ್ದರು. ಸುಮ್ಮನಿದ್ದದ್ದನ್ನು ಒಪ್ಪಿಗೆ ಎಂದು ತಿಳಿದುಕೊಂಡರು.

ಆ ದಿನ ಮಗು ಮನೆಯಲ್ಲಿರುವುದು ಬೇಡವೆಂದು ನನ್ನ ಜೊತೆ ಕಳಿಸಿದರು. ಹಿಂದಿನ ದಿನವೇ ಅವಳನ್ನು ಬ್ರಹ್ಮಾವರಕ್ಕೆ ಕರೆದುಕೊಂಡು ಬಂದೆ. ಕುಂಭಾಶಿಯಲ್ಲಿ ಬಸ್ಸು ನಿಂತಾಗ ದೇವಸ್ಥಾನದ ದಾರಿಯ ಕಡೆಗೆ ಕೈಮುಗಿದಳು. ಅಮ್ಮ ಅಲ್ಲಿ ಹರಕೆ ಹೇಳಿಕೊಂಡಿದ್ದಾಳೆ ಎಂದೂ, ಅಪ್ಪ ಬಂದ ಮೇಲೆ ಎಲ್ಲರೂ ಹೋಗುವುದಿದೆ ಎಂದೂ ನನಗೆ ತಿಳಿಸಿದಳು. ನಾನು ಹೌದು ಎಂದೆ.

ಮರುದಿನ ಅವಳನ್ನು ಅಂಗಡಿಗೆ ಕರೆದುಕೊಂಡು ಹೋದೆ. ಯಜಮಾನರು ಕುರ್ಚಿಯಿಂದ ಎದ್ದು ಬಂದು, "ಬೇಕಾದ್ದ್ ತಕೊ ಮಗಾ, ಇಡೀ ಸ್ಟ್ಯಾಂಡೇ ನಿಂದ್," ಎಂದರು. ಅವಳು ಸ್ಟ್ಯಾಂಡನ್ನು ಒಂದು ಬೆರಳಿನಿಂದ ಮೆಲ್ಲಗೆ ತಿರುಗಿಸಿದಳು. ಅದು ಕಿರುಗುಟ್ಟುತ್ತ ಸುತ್ತಿತು. ಹಳದಿ ದೋಣಿಯ ಪುಸ್ತಕದ ಇನ್ನೊಂದು ಪ್ರತಿ ಅಲ್ಲಿತ್ತು. ಅದನ್ನು ನಾನು ತೆಗೆದಿಡಬೇಕಿತ್ತು. ಅವಳು ಅದನ್ನು ಹೊರಗೆಳೆದು ಮುಖಪುಟ ನೋಡಿದಳು.

"ಇದ್ರಗೆ ಬಲಿ ಇಲ್ಲೆ," ಎಂದು ಯಜಮಾನರಿಗೆ ಹೇಳಿ, ಇದ್ದಲ್ಲೇ ಇಟ್ಟಳು. ನಗಲಿಲ್ಲ. ಬೇರೆ ಯಾವುದನ್ನೂ ಮುಟ್ಟಲಿಲ್ಲ.

ಸಂಜೆ ನಾವು ಗಂಗೊಳ್ಳಿಗೆ ಮರಳಿದಾಗ ಅಂಗಳ ಗುಡಿಸಿ ನೀರು ಹಾಕಿತ್ತು. ಬಂದವರೆಲ್ಲ ಹೋಗಿದ್ದರು. ತಂಗಿ ಹೊರಗೆ ಬಂದು ಮಗಳನ್ನು ಎತ್ತಿಕೊಂಡಳು. ಅವಳ ಕೊರಳು ಬರಿದಾಗಿತ್ತು. ಮಗು ಅಲ್ಲಿ ಕೈಯಿಟ್ಟು ನೋಡಿದಳು. ಒಳಗೆ ಗೋಡೆಯ ಮೇಲೆ ಅವಳು ಹುಟ್ಟುವ ಮೊದಲೇ ತೀರಿಕೊಂಡ ಅಜ್ಜನ ಫೋಟೊ ಇದೆ, ಗಂಧದ ಚಕ್ಕೆಯ ಹಾರ ಹಾಕಿದ್ದು. ಅದರ ಪಕ್ಕದಲ್ಲಿ ಈಗ ಇನ್ನೊಂದು ಫೋಟೊ. ಮದುವೆಯ ಆಲ್ಬಮ್ಮಿನಿಂದ ತೆಗೆದು ದೊಡ್ಡದು ಮಾಡಿಸಿದ್ದು. ಅದಕ್ಕೂ ಹಾರ, ಕೆಳಗೆ ದೀಪ.

ಅವಳು ತಾಯಿಯ ಸೊಂಟದಿಂದ ಇಳಿದು ಆ ಗೋಡೆಯ ಮುಂದೆ ನಿಂತಳು. ಒಂದು ಫೋಟೊ ನೋಡಿದಳು. ಇನ್ನೊಂದನ್ನು ನೋಡಿದಳು. ತಿರುಗಿ ಮೊದಲನೆಯದನ್ನು ನೋಡಿದಳು. ಯಾರಿದ್ದಾರೆ, ಎಂತ ಮಾಡುತ್ತಿದ್ದಾರೆ, ಮುಂದೆ ಎಂತ ಆಗುತ್ತದೆ. ಚಿತ್ರ ಓದಲು ಕಲಿಸಿದವಳು ನಾನೇ. ಆ ಗೋಡೆಯನ್ನು ಓದಬೇಡ ಎಂದು ಈಗ ಹೇಳುವುದು ಹೇಗೆ? ಅವಳು ತಾಯಿಯ ಕಡೆ ತಿರುಗಿ ಹಸಿವೆ ಎಂದಳು.

ಆಮೇಲೆ ಮಳೆ ಬಂತು, ಕಡಲಿಗೆ ಹೋಗಬಾರದೆಂಬ ಸರ್ಕಾರದ ನಿಷೇಧವೂ ಬಂತು. ವರ್ಷವೂ ಹೀಗೇ. ಬೋಟುಗಳೆಲ್ಲ ಒಳಗೆ ಬಂದು ಬಂದರಿನಲ್ಲಿ ಒಂದಕ್ಕೊಂದು ತಾಗಿ ನಿಂತವು. ಐಸ್ ಪ್ಲಾಂಟಿನ ಸದ್ದು ನಿಂತಿತು. ಭಾವನ ಅಣ್ಣ ಜಗಲಿಯಲ್ಲಿ ಬಲೆ ಹರಡಿಕೊಂಡು ಹರಿದ ಕಣ್ಣುಗಳನ್ನು ಹೆಣೆಯುತ್ತಿದ್ದರು. ಮಗುವನ್ನು ಒಮ್ಮೆ ಬಂದರಿಗೆ ಕರೆದುಕೊಂಡು ಹೋಗಿದ್ದರಂತೆ. ಅವಳು ಬೋಟುಗಳನ್ನು ಒಂದೊಂದೇ ನೋಡುತ್ತ ದಡದ ಕೊನೆಯವರೆಗೂ ನಡೆದಳಂತೆ. "ಎಲ್ಲಾ ಬಂತಾ ದೊಡ್ಡಪ್ಪ?" ಎಂದು ಕೇಳಿದಳಂತೆ. ಎಲ್ಲ ಬಂತು ಎಂದರಂತೆ. ಬೋಟಿನ ಲೆಕ್ಕ ಕೇಳಿದಳು ಎಂದು ಅವರು ತಿಳಿದಿದ್ದರು.

ಆ ಭಾನುವಾರ ಮಳೆ ಬಿಟ್ಟು ಬಿಸಿಲು ಬಿದ್ದಿತ್ತು. ಊಟವಾಗಿತ್ತು. ನಾನು ಚೀಲ ತೆರೆದಿರಲಿಲ್ಲ. ಅವಳು ಒಳಗಿನಿಂದ ಬಂದು ನನ್ನ ಮುಂದೆ ನಿಂತಳು. ಕೈಯಲ್ಲಿ ಚಾಪೆಯ ಪುಸ್ತಕ. ಆ ದಿನದಿಂದ ಅದು ಎಲ್ಲಿತ್ತೆಂದು ನನಗೆ ಗೊತ್ತಿರಲಿಲ್ಲ, ಮೂಲೆಗಳು ಮಡಚಿಹೋಗಿದ್ದವು.

"ದೊಡ್ಡಮ್ಮ, ಈಗಳ್ ನಮ್ಮನಿಯರ್ ಯಾರೂ ಸಮುದ್ರದಗೆ ಇಲ್ಲೆ ಅಲ್ದಾ?"

ದೊಡ್ಡಪ್ಪನ ಕೈಯಲ್ಲಿದ್ದ ಬಲೆಯ ಸೂಜಿ ನಿಂತಿತು. ಅತ್ತೆ ಗೋಡೆಯ ಕಡೆ ತಿರುಗಿದರು. ಅಡಿಗೆಮನೆಯಲ್ಲಿ ಪಾತ್ರೆಯ ಸದ್ದು ಇಲ್ಲವಾಯಿತು. ಯಾರಾದರೂ ಏನಾದರೂ ಹೇಳುತ್ತಾರೆಂದು ನಾನು ಕಾದೆ. ಅವಳು ಕೇಳಿದ್ದು ನನ್ನನ್ನು.

"ಇಲ್ಲೆ ಮಗಾ," ಎಂದೆ. "ಯಾರೂ ಇಲ್ಲೆ."

ಅವಳು ತಲೆಯಾಡಿಸಿದಳು. ನನ್ನ ಪಕ್ಕದಲ್ಲಿ ಕೂತು ಪುಸ್ತಕವನ್ನು ನನ್ನ ತೊಡೆಯ ಮೇಲೆ ಇಟ್ಟಳು. "ಹಂಗಾರೆ ಓದ್ಲಕ್ಕ್. ಓದ್."

ಇಷ್ಟು ತಿಂಗಳು ನಾನು ಬಯಸಿದ್ದು ಅದನ್ನೇ. ಓದಿದೆ. ಮುದುಕಿ ನೇಯಲು ಕೂತಳು, ನಿಲ್ಲಿಸಲು ಮರೆತಳು. ಚಾಪೆ ಬಾಗಿಲು ದಾಟಿತು. ಕೋಳಿ ಬಂತು, ಪೋಸ್ಟಿನವ ಬಂದ, ಮದುಮಗಳು ಬಂದಳು. ಆ ದಿನ ಓದು ನಿಂತಿದ್ದ ಎಮ್ಮೆಯ ಪುಟದಲ್ಲಿ ನಾನು ಸ್ವಲ್ಪ ತಡೆದೆ. ಅವಳು ನನ್ನ ಮುಖ ನೋಡಿ ಕಾದಳು. ಮುಂದಕ್ಕೆ ಓದಿದೆ. ಮಡಿಕೆಯ ಪುಟವನ್ನು ಅವಳೇ ಬಿಚ್ಚಿದಳು, ಎರಡೂ ಕೈಯಿಂದ ಒತ್ತಿ ಸಪಾಟು ಮಾಡಿದಳು. ಇಡೀ ಊರು ಚಾಪೆಯ ಮೇಲಿತ್ತು. ಕೋಳಿಯ ಪಕ್ಕದ ಜಾಗ ಖಾಲಿಯಿತ್ತು.

ಬೆರಳಿಡುತ್ತಾಳೆಂದು ನಾನು ಪುಟದ ಅಂಚನ್ನು ಹಿಡಿದುಕೊಂಡೆ. ಅವಳು ಬೆರಳೆತ್ತಿದಳು. ಅದು ಆ ಜಾಗದ ಮೇಲೆ ಬರಲಿಲ್ಲ. ಮೇಲೆ ಹೋಯಿತು, ಹಂಚಿನ ಮೇಲಿದ್ದ ಬೆಕ್ಕಿನ ಹತ್ತಿರ. ಅಲ್ಲಿಂದ ಗೋಡೆಯ ಮೇಲೆ ನಿಧಾನವಾಗಿ ಇಳಿದು, ಅಂಗಳ ದಾಟಿ, ಕೋಳಿಯ ಪಕ್ಕಕ್ಕೆ ಬಂದು ನಿಂತಿತು.

"ಇಲ್ ಬೆಕ್ಕ್ ಕೂಕಣ್ಲಿ," ಎಂದಳು. "ಪಾಪ, ಅದ್ಕ್ ಜಾಗ ಇಲ್ಲೆ."

ಬೆಕ್ಕು ಇಳಿದು ಬಂದು ಚಾಪೆಯ ಮೇಲೆ ಕೂತಿತು ಎಂದು ನಾನು ಓದಿದೆ. ಪುಸ್ತಕದಲ್ಲಿ ಹಾಗೆ ಬರೆದಿರಲಿಲ್ಲ. ಅವಳು ಹಿಡಿಯಲಿಲ್ಲ.